ಕುಣಿಗಲ್‌ನಿಂದ ಬರಬೇಕಾಗಿದ್ದ ಸಹಿ

ನನ್ನ ಮಗಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೆ ನಮ್ಮ ಬೀದಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಗುಬ್ಬಿ ಹತ್ತಿರದ ಕಡಬದಿಂದ ಮದುವೆಯಾಗಿ ತುಮಕೂರಿಗೆ ಬಂದಾಗ ಅವಳಿಗೆ ಐದು ವರ್ಷ. ಅವಳನ್ನು ಹೆತ್ತ ತಾಯಿ ಅದಕ್ಕೂ ಎರಡು ವರ್ಷ ಮೊದಲೇ ನನ್ನ ಯಜಮಾನರಿಂದ ಬಿಡುಗಡೆ ತೆಗೆದುಕೊಂಡು, ಕುಣಿಗಲ್‌ನಲ್ಲಿದ್ದ ತಮ್ಮ ಅಣ್ಣನ ಮನೆ ಸೇರಿ, ಟೈಲರಿಂಗ್ ಮಾಡಿಕೊಂಡಿದ್ದರು. ಯಾರೂ ಯಾರಿಗೂ ಹೊಡೆದಿರಲಿಲ್ಲ, ಬಡಿದಿರಲಿಲ್ಲ. ಇಬ್ಬರಿಗೂ ಹೊಂದಲಿಲ್ಲ, ಅಷ್ಟೆ. ಕೈಯಲ್ಲಿ ಸಂಪಾದನೆ ಇಲ್ಲದ ಹೊತ್ತು, ಮಗು ತಂದೆಯ ಹತ್ತಿರವೇ ಇರಲಿ ಎಂದು ಬಿಟ್ಟುಹೋಗಿದ್ದರು.

ಯುಗಾದಿಗೆ ಒಂದು ಸಲ, ಗೌರಿ ಹಬ್ಬಕ್ಕೆ ಒಂದು ಸಲ ಬಂದು ಮಗುವನ್ನು ಎರಡು ದಿನ ಕರೆದುಕೊಂಡು ಹೋಗುತ್ತಿದ್ದರು. ಮಗಳು ನನ್ನನ್ನು ಅಮ್ಮ ಅನ್ನುತ್ತಿದ್ದಳು, ಅವರನ್ನು ಕುಣಿಗಲ್ ಅಮ್ಮ ಅನ್ನುತ್ತಿದ್ದಳು. ಊರಿನ ಹೆಸರು ಸೇರಿಸಿ ಕರೆಯುತ್ತಾಳಲ್ಲ, ಆ ಮಟ್ಟಿಗೆ ನಾನೇ ಗೆದ್ದೆ ಅಂದುಕೊಳ್ಳುತ್ತಿದ್ದೆ. ನನ್ನ ಬುದ್ಧಿ ಆಗ ಅಷ್ಟು.

ಎಂಟು ವರ್ಷ ಹೀಗೇ ನಡೆಯಿತು. ಆಮೇಲೆ ಯಜಮಾನರಿಗೆ ಎದೆನೋವು ಬಂತು. ಬಿದರೆಹಳ್ಳ ಕಾವಲ್ ಫ್ಯಾಕ್ಟರಿಗೆ ಸ್ಟಾಫ್ ಬಸ್ ಓಡಿಸುತ್ತಿದ್ದವರು, ಗುಬ್ಬಿ ಬಿಟ್ಟ ಮೇಲೆ ಬಸ್ಸನ್ನು ರಸ್ತೆ ಪಕ್ಕಕ್ಕೆ ಹಾಕಿ ಸ್ಟೇರಿಂಗ್ ಮೇಲೆ ತಲೆಯಿಟ್ಟರಂತೆ. ದೇವರು ದೊಡ್ಡವನು, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು, ಮೂರು ತಿಂಗಳಿಗೆ ಮತ್ತೆ ಡ್ಯೂಟಿಗೂ ಹೋದರು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹುಟ್ಟಿದ ಭಯ ನನ್ನನ್ನು ಬಿಡಲಿಲ್ಲ. ಪರಿಚಯದ ಲಾಯರೊಬ್ಬರನ್ನು ಕೇಳಿದೆ. ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು: "ನಿಮ್ಮೆಜಮಾನ್ರಿಗೆ ಏನಾದ್ರೂ ಆದ್ರೆ ಹೆತ್ತ ತಾಯಿ ಬಂದು ಮಗು ಕೇಳ್ಬೋದು ಮೇಡಂ. ಕಾನೂನಿನ ಪ್ರಕಾರ ನೀವು ಆ ಮಗುಗೆ ಯಾರೂ ಅಲ್ಲ."

ಯಾರೂ ಅಲ್ಲ! ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದವಳು ನಾನು, ಹೇನು ತೆಗೆದವಳು ನಾನು, ಪೇರೆಂಟ್ಸ್ ಮೀಟಿಂಗ್‌ನಲ್ಲಿ ಗಣಿತದ ಮೇಷ್ಟ್ರ ಹತ್ತಿರ ಬೈಸಿಕೊಂಡವಳು ನಾನು. ಮೈಯೆಲ್ಲ ಉರಿದುಹೋಯಿತು. ಇದಕ್ಕೆ ದಾರಿ ಏನು ಎಂದರೆ, ಮಲತಾಯಿಯೂ ದತ್ತು ತೆಗೆದುಕೊಳ್ಳಬಹುದು, ಆದರೆ ಹೆತ್ತ ತಾಯಿ ಒಪ್ಪಿ ಸಹಿ ಹಾಕಬೇಕು ಎಂದರು. ಡಿ.ಸಿ. ಆಫೀಸಿನ ಹತ್ತಿರ ಮಕ್ಕಳ ವಿಭಾಗದಲ್ಲಿ ಒಬ್ಬ ಮೇಡಂ ಇದ್ದರು. ತಾಳ್ಮೆಯವರು. ಅವರೂ ಅದನ್ನೇ ಹೇಳಿದರು.

ಫೋನ್ ಮಾಡಿದೆ. ಕುಣಿಗಲ್‌ನವರು ಹತ್ತು ದಿನ ಉತ್ತರ ಕೊಡಲಿಲ್ಲ. ಆಮೇಲೆ ಅವರೇ ಮಾಡಿದರು. "ಸೈನ್ ಹಾಕಿದ್ರೆ ನಾನು ಅವಳನ್ನ ನೋಡೋಕೆ ಬರ್ಬೋದಾ?" ಎಂದರು. "ಅಯ್ಯೋ, ಬರ್ಬೇಡಿ ಅಂತ ಯಾರಂತಾರೆ ಇವ್ರೇ?" ಎಂದೆ. "ಆಯ್ತು. ಬರೋ ಸೋಮವಾರ ಬರ್ತೀನಿ," ಎಂದು ಇಟ್ಟುಬಿಟ್ಟರು. ಆ ಸಂಜೆ ನಾನು ಸತ್ಯಮಂಗಲದಲ್ಲಿ ಕೆಲಸ ಮುಗಿಸಿ ಬರುವಾಗ ಒಂದು ಕೇಜಿ ಮೈಸೂರು ಪಾಕ್ ತಂದೆ. ಪ್ಲಾಸ್ಟಿಕ್ ಡಬ್ಬಿ ಮಾಡುವ ಫ್ಯಾಕ್ಟರಿಯ ಸೂಪರ್‌ವೈಸರ್ ನಾನು, ಸುಮ್ಮಸುಮ್ಮನೆ ಸಿಹಿ ತರುವವಳಲ್ಲ. ಮಗಳು, "ಏನಮ್ಮಾ, ಪ್ರಮೋಷನ್ನಾ?" ಎಂದಳು.

ಆ ಸೋಮವಾರ ಬರುವ ಮೊದಲು, ಗುರುವಾರ, ಮಗಳು ದೊಡ್ಡವಳಾದಳು.

ನಮ್ಮ ಕಡೆ ಹೆಣ್ಣುಮಗು ಮೈನೆರೆದರೆ ಸೋದರಮಾವ ಬಂದು ಗುಡ್ಲು ಹಾಕಬೇಕು. ಹಸಿ ತೆಂಗಿನ ಗರಿ ತಂದು, ಮನೆಯಲ್ಲೇ ಒಂದು ಮೂಲೆಯಲ್ಲಿ ಪುಟ್ಟ ಗುಡಿಸಲು ಕಟ್ಟಿ, ಸೊಸೆಯನ್ನು ಅದರಲ್ಲಿ ಕೂರಿಸಬೇಕು. ಒಂಬತ್ತನೇ ದಿನ ಅವನೇ ಅದನ್ನು ಕಿತ್ತು ಸುಡಬೇಕು, ಆಮೇಲೆ ನೀರು, ಆರತಿ. ತಾಯಿಯ ಒಡಹುಟ್ಟಿದವನಿಗೆ ಇದು ಕೆಲಸವಲ್ಲ, ಹಕ್ಕು. ಕೋರ್ಟು ಕಚೇರಿ ಹುಟ್ಟುವ ಮೊದಲಿಂದ ಇರುವ ಹಕ್ಕು. ಇದು ನನಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಕುಣಿಗಲ್‌ಗೆ ಫೋನ್ ಮಾಡಿದ್ದರೆ ಆ ಮನುಷ್ಯ ಒಂದು ಗಂಟೆಯಲ್ಲಿ ಬಂದಿರುತ್ತಿದ್ದರು.

ನಾನು ಕಡಬಕ್ಕೆ ಮಾಡಿದೆ. ನನ್ನ ಅಣ್ಣನಿಗೆ.

"ನಾಲ್ಕು ದಿನದಲ್ಲಿ ಪೇಪರ್ ನನ್ನ ಹೆಸರಿಗೇ ಆಗುತ್ತಲ್ಲ, ಆಮೇಲೆ ನೀನೇ ತಾನೇ ಸೋದರಮಾವ? ಬಾ," ಎಂದೆ. ಅಣ್ಣ ಸ್ವಲ್ಪ ಹಿಂದೆ ಮುಂದೆ ನೋಡಿದ. "ಅವ್ರಿಗೊಂದ್ ಮಾತು ಹೇಳ್ದ್ಯೇನೇ?" ಎಂದ. "ನೀನು ಗರಿ ಕುಯ್ಕೊಂಡು ಬಾ, ಉಳಿದಿದ್ದು ನಾನು ನೋಡ್ಕೋತೀನಿ," ಎಂದೆ. ಯಜಮಾನರೂ ಏನೋ ಹೇಳಲು ಬಂದರು. ನನ್ನ ಬಾಯಿ ಬೊಂಬಾಯಿ ಆದಾಗ ಅವರು ಸುಮ್ಮನಾಗುವುದು ರೂಢಿ. ಅಣ್ಣ ಗೂಡ್ಸ್ ಆಟೋದಲ್ಲಿ ಗರಿ ತುಂಬಿಕೊಂಡು ಬಂದು, ಹಾಲಿನಲ್ಲಿ ಟೀವಿ ಪಕ್ಕಕ್ಕೆ ಗುಡ್ಲು ಕಟ್ಟಿದ. ಮಗಳು ಒಳಗೆ ಕೂತು, "ಫೋನ್ ಚಾರ್ಜರ್‌ಗೆ ವೈರ್ ಎಳ್ಕೊಡಿ ಮಾವ," ಎಂದಳು. ಎಲ್ಲರೂ ನಕ್ಕೆವು. ನಾನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಸೋಮವಾರ ಕುಣಿಗಲ್‌ನವರು ಹೇಳಿದ ಹೊತ್ತಿಗೆ ಸರಿಯಾಗಿ ಆಫೀಸಿಗೆ ಬಂದರು. ಮೇಡಂ ಕಾಗದವನ್ನು ಅವರ ಮುಂದಿಟ್ಟು ಎಲ್ಲಿ ಸಹಿ ಮಾಡಬೇಕೆಂದು ತೋರಿಸಿದರು. ಅವರು ಪೆನ್ನು ಮುಟ್ಟಲಿಲ್ಲ.

"ನಾನು ಸೈನ್ ಹಾಕಲ್ಲ ಮೇಡಂ."

"ಒಪ್ಕೊಂಡಿದ್ರಲ್ಲಮ್ಮ?"

"ಒಪ್ಕೊಂಡಿದ್ದೆ. ನನ್ ಮಗಳು ದೊಡ್ಡೋಳಾಗಿದ್ದನ್ನ ನಾನು ಸ್ಟೇಟಸ್‌ನಲ್ಲಿ ನೋಡಿದೆ. ಗುಡ್ಲು ಹಾಕಿದ್ದು ಇವರಣ್ಣ. ಸೈನ್ ಇಲ್ದೇನೇ ಎಲ್ಲಾ ತಗೊಂಡಿದಾರೆ, ಇನ್ನು ನನ್ ಸೈನ್ ಯಾಕೆ?"

ಆಗಲಾದರೂ ನಾನು ತಲೆ ತಗ್ಗಿಸಬೇಕಾಗಿತ್ತು. ತಗ್ಗಿಸಲಿಲ್ಲ. "ಸಾಕಿದ್ದು ನಾನು! ವರ್ಷಕ್ಕೆ ನಾಲ್ಕು ದಿನ ಬಂದು ಬಳೆ ತೊಡಿಸಿ ಹೋದ್ರೆ ತಾಯಾಗ್ಬಿಡ್ತಾರಾ?" ಎಂದು ಕೂಗಿದೆ. ಕಾರಿಡಾರಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಕುಣಿಗಲ್‌ನವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮೇಡಂ ಫೈಲು ಮುಚ್ಚಿ, ಕಾಗದವನ್ನು ನನಗೇ ವಾಪಸು ಕೊಟ್ಟು, "ಹೆತ್ತ ತಾಯಿ ಒಪ್ಪಿಗೆ ಇಲ್ದೆ ನಾನು ಮುಂದಕ್ಕೆ ಕಳ್ಸೋ ಹಾಗಿಲ್ಲಮ್ಮ," ಎಂದರು. ಸಿಟ್ಟಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?

ಮನೆಗೆ ಬಂದರೆ ಮಗಳಿಗೆ ಆಗಲೇ ಗೊತ್ತಾಗಿತ್ತು. ಕುಣಿಗಲ್ ಅಮ್ಮನ ಫೋನು ಬಂದಿತ್ತಂತೆ. ಏನಂದರು ಎಂದು ಕೇಳಿದೆ. "ಕೊಬ್ಬರಿ ಬೆಲ್ಲ ಜಾಸ್ತಿ ತಿನ್ನು, ತಣ್ಣನೆ ನೆಲದ ಮೇಲೆ ಕೂತ್ಕೋಬೇಡ ಅಂದ್ರು," ಎಂದಳು. ನನ್ನ ಮೇಲೆ ಒಂದು ದೂರೂ ಇಲ್ಲ. ಆಮೇಲೆ ಗರಿಯ ಸಂದಿಯಿಂದ ನನ್ನನ್ನೇ ನೋಡುತ್ತಾ, "ಕುಣಿಗಲ್ ಮಾವನ್ನ ಯಾಕಮ್ಮಾ ಕರೀಲಿಲ್ಲ?" ಎಂದಳು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಹೊಟ್ಟೆಕಿಚ್ಚಿಗೆ ಕಣೇ," ಎಂದೆ. ಅವಳು, "ಹಂಗಾದ್ರೆ ಹೋಗಿ ಸಾರಿ ಕೇಳಿ," ಎಂದು ಮತ್ತೆ ಫೋನ್ ನೋಡತೊಡಗಿದಳು. ಹದಿಮೂರು ವರ್ಷದ ಮಕ್ಕಳಿಗೆ ಎಲ್ಲವೂ ಎಷ್ಟು ಸಲೀಸು!

ಬುಧವಾರ ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಹಣ್ಣು, ಹೂವು, ಎಲೆ ಅಡಿಕೆ ತೆಗೆದುಕೊಂಡಿದ್ದೆ. ಆ ಕಾಗದವೂ ಬ್ಯಾಗಿನಲ್ಲಿತ್ತು. ಅಣ್ಣ ತಂಗಿ ಇಬ್ಬರೂ ಮನೆಯಲ್ಲಿದ್ದರು. ನಾನು ಕೂರುವ ಮೊದಲೇ ಅಣ್ಣನ ಮುಂದೆ ತಟ್ಟೆ ಇಟ್ಟು, "ತಪ್ಪಾಯ್ತಣ್ಣ. ಮೊದ್ಲು ನಿಮ್ಗೆ ಹೇಳ್ಬೇಕಾಗಿತ್ತು. ಮರೆತಿದ್ದಲ್ಲ, ಬೇಕಂತ್ಲೇ ಹೇಳ್ಲಿಲ್ಲ," ಎಂದೆ.

ಆತ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬುಡಮ್ಮ. ಆಗಿದ್ದಾಯ್ತು," ಎಂದರು. "ಮಗ ಹೆಂಗವ್ಳೆ? ಹೆದರ್ಕೊಂಡಿಲ್ವಾ?"

"ಚೆನ್ನಾಗವ್ಳೆ. ಶುಕ್ರವಾರ ಗುಡ್ಲು ಕೀಳ್ಬೇಕು. ನೀವೇ ಬಂದು ಕಿತ್ತು ಸುಟ್ಟು, ಅವಳನ್ನ ಹೊರಕ್ಕೆ ಕರ್ಕೋಬೇಕು."

ಆತ ಒಪ್ಪಿದರು. ಪಾಪ, ಎದ್ದು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ಇಷ್ಟು ಹೊತ್ತೂ ಅವರ ತಂಗಿ ಹೊಲಿಗೆ ಮಿಷನ್ ಮುಂದೆ ಕೂತೇ ಇದ್ದರು. ಈಗ ನನ್ನ ಬ್ಯಾಗಿನ ಕಡೆ ನೋಡಿ, "ಪೇಪರ್ ತಂದಿದೀರಾ?" ಎಂದರು.

"ತಂದಿದೀನಿ."

"ಸೈನ್ ಹಾಕಲ್ಲ. ಕೋಪಕ್ಕಲ್ಲ ಇವ್ರೇ, ಕೋಪ ಇಳೀತು. ಮಗು ಬಿಟ್ಟು ಬಂದೋಳು ಅಂತ ಇಷ್ಟು ವರ್ಷ ಜನ ಅಂದ್ರು. ಅನ್ಲಿ. ಆ ಪೇಪರ್‌ಗೆ ಸೈನ್ ಹಾಕ್ಬಿಟ್ರೆ, ಹೌದು ಅಂತ ನಾನೇ ಬರ್ಕೊಟ್ಟಂಗೆ ಆಗುತ್ತೆ." ಮಿಷನ್ ಮೇಲಿನ ಬಟ್ಟೆ ಪಕ್ಕಕ್ಕಿಟ್ಟು ಮುಂದುವರಿಸಿದರು: "ಅವ್ರಿಗೇನಾದ್ರೂ ಆದ್ರೆ ನಾನು ಬಂದು ಮಗೂನ ಕಿತ್ಕೊಂಡು ಹೋಗ್ತೀನಿ ಅಂತ ತಾನೇ ನಿಮ್ ಭಯ? ಕಿತ್ಕೊಳ್ಳಲ್ಲ. ಅವಳು ನಿಮ್ಮತ್ರಾನೇ ಇರ್ತಾಳೆ. ಅದನ್ನ ಬೇಕಾದ್ರೆ ಈಗ್ಲೇ ಬರ್ಕೊಡ್ತೀನಿ."

ಆ ಭಯಕ್ಕೇ ಇಷ್ಟೆಲ್ಲ ಓಡಾಡಿದ್ದು ಎಂದು ಲಾಯರಿಗೂ ಹೇಳಿದ್ದೆ, ಯಜಮಾನರಿಗೂ ಹೇಳಿದ್ದೆ. ಹಾಗಿದ್ದಮೇಲೆ ಆ ಕ್ಷಣ ನನ್ನ ಎದೆ ಹಗುರವಾಗಬೇಕಾಗಿತ್ತು. ಅರ್ಧ ಆಯಿತು. ಇನ್ನರ್ಧ ಮನಸ್ಸು, ತಾಯಿ ಅನ್ನುವ ಜಾಗದಲ್ಲಿ ನನ್ನ ಹೆಸರೊಂದೇ ಇರಬೇಕು ಎಂದು ಇನ್ನೂ ಹಟ ಹಿಡಿದಿತ್ತು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. "ಬರೆಯೋದೇನೂ ಬೇಡ. ನಿಮ್ ಮಾತೇ ಸಾಕು," ಎಂದೆ.

ಹೊರಡುವಾಗ ಅರಿಶಿನ ಕುಂಕುಮ ಕೊಟ್ಟರು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅವರು ಹೊಸಿಲಾಚೆ ನಿಂತು, ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಹಳ ಮೆಲ್ಲಗೆ ಕೇಳಿದರು:

"ಶುಕ್ರವಾರ ಆರತಿಗೆ ನಾನೂ ಬರ್ಬೋದಾ?"

ಅವರಣ್ಣನನ್ನು ಕರೆದಿದ್ದೆ. ಅವರನ್ನು ಕರೆದಿರಲಿಲ್ಲ. ಹೆತ್ತವಳು ತನ್ನ ಮಗಳ ಆರತಿಗೆ ಬರಲು ನನ್ನ ಒಪ್ಪಿಗೆ ಕೇಳುತ್ತಿದ್ದಳು.

ಬನ್ನಿ ಎಂದೆ. ಅವರು ಬಂದರು, ಮೊದಲ ಆರತಿ ಎತ್ತಿದರು, ಈಗ ಮಗಳು ಪಿಯುಸಿ ಓದುತ್ತಿದ್ದಾಳೆ, ಆ ಕಾಗದಕ್ಕೆ ಇವತ್ತಿಗೂ ಸಹಿ ಬಿದ್ದಿಲ್ಲ, ನನಗೆ ಬೇಕಾಗಿಯೂ ಇಲ್ಲ. ಆದರೆ ಆ ದಿನ 'ಬನ್ನಿ' ಅನ್ನುವ ಮೊದಲು ನಾನು ಯೋಚನೆ ಮಾಡಿದೆ. ಒಂದು ಚಪ್ಪಲಿ ಮೆಟ್ಟಿ, ಇನ್ನೊಂದು ಮೆಟ್ಟುವಷ್ಟು ಹೊತ್ತು ಯೋಚನೆ ಮಾಡಿದೆ. ಅಷ್ಟು ಹೊತ್ತೂ ಅವರು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.