ಜೇಬಲ್ಲಿ ಮೂರು ಫ್ಯೂಸು

ನಾನು ಲೈನ್‌ಮನ್, ಸ್ವಲ್ಪ ಬಾಯಿಬಡುಕ. ಜೊತೆಗಾರ ರಂಗಪ್ಪನವರು ಹತ್ತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವರು. ಕಣಕಟ್ಟೆಯ ತೋಟವೊಂದರಲ್ಲಿ ತೆಂಗಿನ ಗರಿ ಬಿದ್ದು ತಂತಿ ತುಂಡಾಗಿತ್ತು. ಅವರು ಕರೆಂಟ್ ತೆಗೆಯಲು ತೋಟದಾಚೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋದರು. ನಾನು ಕಂಬದ ಬುಡದಿಂದ ಫೋನ್ ಮಾಡಿ, "ಆಫ್ ಮಾಡಿದ್ರಾ?" ಅಂದೆ. ಉತ್ತರ ಕೊಡದೆ ಫೋನ್ ಕಟ್ ಮಾಡಿದರು. ಹತ್ತು ನಿಮಿಷದ ಮೇಲೆ ನಿಧಾನವಾಗಿ ನಡೆದು ಬಂದು, ಕಿತ್ತು ತಂದಿದ್ದ ಮೂರು ಫ್ಯೂಸನ್ನು ನನ್ನ ಕೈಗಿಟ್ಟರು.

"ಆಯ್ತು ಅಂತ ಒಂದು ಮಾತು ಹೇಳಕ್ಕೆ ಏನ್ರೀ ಕಷ್ಟ?" ಅಂತ ರೇಗಿದೆ.

"ಜೇಬಲ್ಲಿ ಇಟ್ಕಳಿ," ಅಂದರು, ಅಷ್ಟೇ.

ಕಂಬ ಹತ್ತಿ ತಂತಿ ಹಿಡಿದಿದ್ದೆ. ಕೆಲಸ ಮುಗೀತು ಅಂದುಕೊಂಡ ತೋಟದ ಯಜಮಾನರು ಟ್ರಾನ್ಸ್‌ಫಾರ್ಮರ್ ಕಡೆಯಿಂದ ಕೂಗಿದರು: "ಏನ್ರೀ, ಸ್ವಿಚ್ ಹಾಕಿದ್ರೂ ಕರೆಂಟ್ ಬತ್ತಿಲ್ಲ! ಇಲ್ಲಿ ಫ್ಯೂಸೇ ಇಲ್ವಲ್ರೀ!"

ತಂತಿ ಬಿಟ್ಟು ಜೇಬು ಮುಟ್ಟಿ ನೋಡಿದೆ; ಮೂರೂ ಫ್ಯೂಸು ಅಲ್ಲೇ ಇದ್ದವು. ಕೆಳಗೆ ರಂಗಪ್ಪನವರು ಬೀಡಿ ಹಚ್ಚಿದರು.

ಆಮೇಲೆ ಅರಸೀಕೆರೆಯಲ್ಲಿ ನಡೆದ ತರಬೇತಿಯಲ್ಲಿ, ಸಹೋದ್ಯೋಗಿಗಳ ಜೊತೆ ಚೆನ್ನಾಗಿ ಮಾತಾಡುತ್ತೇನೆ ಅಂತ ನನಗೊಂದು ಸರ್ಟಿಫಿಕೇಟ್ ಕೊಟ್ಟರು. ಅದು ಮನೆಯ ಗೋಡೆಯ ಮೇಲಿದೆ. ಕಂಬ ಹತ್ತುವ ಮುಂಚೆ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ.