ರೇಷ್ಮೆ ಬಿಚ್ಚೋ ಬೆರಳಿಗೆ ಪಿಯಾನೋ

ಕೊಳ್ಳೇಗಾಲದಲ್ಲಿ ನನ್ನಷ್ಟು ಸಣ್ಣಗೆ ರೇಷ್ಮೆ ನೂಲು ತೆಗಿಯೋನು ಇನ್ನೊಬ್ಬ ಇರ್ನಿಲ್ಲ. ಇದ್ರೆ ಬಂದು ಏಳ್ಲಿ. ಇಪ್ಪತ್ತು ವರ್ಸ ಕುದಿಯೋ ನೀರಿಗೆ ಬೆರಳಿಟ್ಟು ಗೂಡಿನ ಎಳೆ ಇಡ್ದೋನು ಕಣ್ರಿ ನಾನು. ಎಂಬತ್ತರ ದಶಕ ಮುಗಿಯೋ ಒತ್ತಿಗೆ ಕಣ್ಣು ಮಂಜಾಗಿ ಸಣ್ಣ ಎಳೆ ಕಾಣ್ದಂಗಾಯ್ತು, ಆ ಕೆಲ್ಸ ಬಿಟ್ಟು ಮರಗೆಲ್ಸ ಇಡ್ಕಂಡೆ.

ಆಮೇಲೆ ಒಂದಿನ ಕಾನ್ವೆಂಟಿಗೆ ಬಾಗ್ಲು ರಿಪೇರಿಗೆ ಓಗಿದ್ದೆ. ಅಲ್ಲೊಂದು ಮರದ ಬೀರು. ಮುಚ್ಚಳ ಎತ್ತುದ್ರೆ ಬಾಯಿ ಬಿಟ್ಟಂಗೆ ಸಾಲಾಗಿ ಬಿಳಿ ಅಲ್ಲು! ಪಿಯಾನೋ ಅಂತೆ. ಒಂದು ಒತ್ತಿ, ತಲೆ ಒಳಿಕ್ ಆಕಿ ನೋಡ್ದೆ. ಒಂದು ಸ್ವರಕ್ಕೆ ಮೂರು ತಂತಿ! ನಮ್ಮಲ್ಲಿ ಎಂಟು ಗೂಡಿನ ಎಳೆ ಸೇರಿ ಒಂದು ನೂಲು. ಇಲ್ಲಿ ಮೂರು ತಂತಿ ಸೇರಿ ಒಂದೇ ಸದ್ದು ಎಂಗಾಯ್ತದೆ? ಆ ಪ್ರಶ್ನೆ ತಲೆಗೊಕ್ಕಿದ್ದು ಈಚೆ ಬರ್ನೇ ಇಲ್ಲ. ಪಿಯಾನೋ ಕಲಿಸ್ತಿದ್ದ ವಯಸ್ಸಾದ ಸಿಸ್ಟರ್ ಬೆನ್ನುಬಿದ್ದು ಆರು ವರ್ಸ ಕಲ್ತೆ.

ಸಿಸ್ಟರ್ ಬೆರಳು ಊದ್ಕಂಡು ಸೊಟ್ಟ ಆದ್ವು. "ಇನ್ನು ಕಲ್ಸೋರಿಲ್ಲ. ಪಿಯಾನೋ ಮೈಸೂರಿಗೆ ಕಳಿಸ್ತೀವಿ" ಅಂದ್ರು.

"ನಾನಿಲ್ವಾ ಸಿಸ್ಟರ್?"

"ನೀವಾ? ಮೊನ್ನೆ ಪ್ರಾರ್ಥನೆ ಟೈಮಲ್ಲಿ ಪಿಯಾನೋದಲ್ಲಿ ಬಸ್ ಹಾರನ್ ಬಾರಿಸಿದ್ದು ಯಾರು?"

"ನಾನೇ. ಹನೂರು ಬಸ್ಸಿಂದು. ಎಂಗಿತ್ತು?"

ಸಿಸ್ಟರ್ ನಗ್ನಿಲ್ಲ. "ಕ್ರಿಸ್ಮಸ್ಸಿಗೆ ನಿಮ್ಮ ಶಿಷ್ಯರೊಬ್ಬರು ಚೆನ್ನಾಗಿ ನುಡಿಸ್ಲಿ. ಇಲ್ಲಾಂದ್ರೆ ಲಾರಿ ಬರುತ್ತೆ."

ಸಿಕ್ಕಿದ್ದು ಒಬ್ಬಳೇ ಶಿಷ್ಯೆ, ಯಳಂದೂರು ಆಸ್ಪತ್ರೆಯಿಂದ ಬಸ್ಸಲ್ಲಿ ಬತ್ತಿದ್ದ ನರ್ಸಮ್ಮ. ಕ್ರಿಸ್ಮಸ್ಸಿಗೆ ವಾರ ಇದ್ದಂಗೆ ಸಿಸ್ಟರ್ ಮುಂದೆ ನುಡಿಸುದ್ಲು. ಟಕ್, ಟಕ್, ಟಕ್. ಕೋಳಿ ಕೊಕ್ಕಲ್ಲಿ ಕುಕ್ಕಿದಂಗೆ.

"ಯಾಕಮ್ಮ, ಬೆಂಕಿ ಮುಟ್ಟಿದ ಹಾಗೆ ಕೈ ಕೀಳ್ತೀಯ?" ಅಂದ್ರು ಸಿಸ್ಟರ್.

"ಮೇಷ್ಟ್ರು ಏಳ್ಕೊಟ್ಟಿದ್ದೇ ಇಂಗೆ. ಮುಟ್ಟು, ಎತ್ತು!"

ನನ್ನ ಬೆರಳು ನಾನೇ ನೋಡ್ಕಂಡೆ. ಕುದಿಯೋ ನೀರಿಗೆ ಎದ್ರಿ ಎದ್ರಿ, ಮುಟ್ಟಿ ಎತ್ತೋದು ಕಲ್ತಿದ್ದ ಬೆರಳು.

"ಬೆರಳು ಕೀಳ್ಬೇಡಿ ಅಂತ ನಿಮಗೆ ಆರು ವರ್ಷ ಬಡ್ಕೊಂಡೆ" ಅಂದ್ರು ಸಿಸ್ಟರ್.

"ನಾನದ್ನ ನನ್ನ ಸ್ಟೈಲು ಅಂದ್ಕಂಡಿದ್ದೆ."

ಮಾರ್ನೇ ದಿನ ಬೇಯ್ಸಿದ ಗೂಡು ತಂದು, ಬೇಸನ್ನಿಗೆ ತಣ್ಣೀರು ಉಯ್ದು, ನರ್ಸಮ್ಮನ ಕೈ ಅದ್ದಿಸ್ದೆ. "ನೋಡವ್ವ, ಒಂದು ಗೂಡಿನ ಎಳೆ ಮುಗಿಯೋ ಮುಂಚೆ ಇನ್ನೊಂದರ ಎಳೆ ಸೇರಿಸ್ಬೇಕು. ಇಲ್ಲಾಂದ್ರೆ ನೂಲು ಕಿತ್ತೋಯ್ತದೆ. ಪಿಯಾನೋಲೂ ಅಂಗೇ. ಆ ಬೆರಳು ಕೂರೋಗಂಟ ಈ ಬೆರಳು ಬಿಡ್ಬೇಡ."

"ಮೊದ್ಲೇ ಏಳಕ್ಕೆ ಏನಾಗಿತ್ತು ಮೇಷ್ಟ್ರೇ, ರೋಗ?"

"ನಿನ್ನ ಪರೀಕ್ಷೆ ಮಾಡ್ತಿದ್ದೆ ಕಣಮ್ಮಿ" ಅಂದೆ.

ಕ್ರಿಸ್ಮಸ್ ದಿನ ನರ್ಸಮ್ಮನ ನೂಲು ಎರಡ್ಕಡೆ ಕಿತ್ತೋಯ್ತು, ತಿರ್ಗಾ ಸೇರ್ಕಂತು. ಸಿಸ್ಟರ್ ಕಣ್ಮುಚ್ಚಿದ್ರು. ಮಡಿಲ ಮೇಲಿದ್ದ ಸೊಟ್ಟ ಬೆರಳು ಮಾತ್ರ ಜೊತೇಲಿ ಅಲ್ಲಾಡ್ತಿದ್ವು.

"ಲಾರಿ ಬೇಡ" ಅಂದ್ರು ಕೊನೇಗೆ. ಎಲ್ರೂ ಎದ್ದೋದ್ಮೇಲೆ ನನ್ನತ್ರ ಬಂದು, ಮೆಲ್ಲಗೆ: "ಆ ಹನೂರು ಬಸ್ ಹಾರನ್ನು... ಯಾವ ಸ್ವರ ಅದು?"

ಬಾರ್ಸಿ ತೋರಿಸ್ದೆ. ಬೆರಳು ಎತ್ನಿಲ್ಲ.