ಅಚ್ಚೇರು ಮನೆತನದ ಗಣತಿ

ಸಿಂಧಘಟ್ಟದ ಚಿಕ್ಕಸ್ವಾಮಿ ಮೇಷ್ಟ್ರು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆದರೂ ಊರಿನವರಿಗೆ ಅವರೆಂದರೆ ನೆನಪಾಗುವುದು ಜನಗಣತಿ. ತೊಂಬತ್ತೊಂದು, ಎರಡು ಸಾವಿರದ ಒಂದು, ಹನ್ನೊಂದು, ಈ ಮೂರೂ ಗಣತಿಗೆ ಅವರು ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ತಿರುಗಿದ್ದರು. ಎದುರುಮನೆಯ ಕುಳ್ಳಮ್ಮ ಮೂರು ಸಲವೂ ತನಗೆ ನಲವತ್ತೈದು ವರ್ಷ ಎಂದೇ ಬರೆಸಿದ್ದಳು. ಮೇಷ್ಟ್ರು ಮೂರು ಸಲವೂ ನಲವತ್ತೈದು ಎಂದೇ ಬರೆದಿದ್ದರು. ಯಾರಾದರೂ ನಕ್ಕರೆ, "ಹೇಳಿದ್ದನ್ನ ಬರೆಯೋದು ನಮ್ಮ ಕೆಲ್ಸ. ಹಲ್ಲು ಎಣಿಸೋಕೆ ಸರ್ಕಾರ ಹೇಳಿಲ್ಲ" ಎನ್ನುತ್ತಿದ್ದರು.

ಇಂಥ ಮನುಷ್ಯನನ್ನೇ ಎಣಿಸಲು ಮೊನ್ನೆಯ ಸಮೀಕ್ಷೆಯಲ್ಲಿ ಕೆ.ಆರ್. ಪೇಟೆಯಿಂದ ರಂಜಿತ ಎಂಬ ಟೀಚರ್ ಬಂದಳು. ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ, ಒಂದು ಮೊಬೈಲು ಮಾತ್ರ. ಮೇಷ್ಟ್ರಿಗೆ ಅದೇ ಮೊದಲ ಬೇಸರ. ಆದರೂ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಹೆಸರು, ವಯಸ್ಸು, ವಿದ್ಯೆ ಎಲ್ಲ ಆಯಿತು.

"ಮನೆತನದ ಹೆಸರು ಏನಾದ್ರೂ ಇದೆಯಾ ಸಾರ್?"

"ಅಚ್ಚೇರು."

"ಸಾರ್, ರೇಷನ್ ಪ್ರಶ್ನೆ ಆಮೇಲೆ ಬರುತ್ತೆ" ಎಂದಳು ರಂಜಿತ.

ಅವಳದೇನೂ ತಪ್ಪಿಲ್ಲ. ಅಚ್ಚೇರು ಎಂದರೆ ಅರ್ಧ ಸೇರು. ನಮ್ಮ ಕಡೆ ಅಕ್ಕಿ, ರಾಗಿ ಅಳೆಯುವ ಪಾತ್ರೆ ಅದು. ಮೇಲಾಗಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಹಾಕಿಕೊಂಡು ಇಡೀ ಆಯುಷ್ಯ ಕಳೆಯುವ ಜನ ನಾವು. ಮನೆತನದ ಹೆಸರು ಯಾರಿಗೂ ಬೇಕಾಗುವುದಿಲ್ಲ. ಮೇಷ್ಟ್ರು ತಮ್ಮ ತಂದೆಯ ಕಾಲದ ಹಳೇ ಪಹಣಿ ತಂದು, ಅದರಲ್ಲಿ 'ಅಚ್ಚೇರು ಸಣ್ಣೇಗೌಡ' ಎಂದಿದ್ದುದನ್ನು ಬೆರಳಿಟ್ಟು ತೋರಿಸಿದರು. ಎಲ್ಲರಿಗೂ ಹೇಳುತ್ತಿದ್ದ ಕಥೆಯನ್ನು ಅವಳಿಗೂ ಹೇಳಿದರು. ಹಿಂದೆ ಒಂದು ದೊಡ್ಡ ಬರದಲ್ಲಿ ಇವರ ಹಿರಿಯರೊಬ್ಬರು ನೆಲದಡಿ ರಾಗಿ ತುಂಬಿಟ್ಟಿದ್ದ ಹಗೇವು ತೆಗೆಸಿ, ಬಾಗಿಲಿಗೆ ಬಂದ ಪ್ರತಿಯೊಬ್ಬರ ಸೆರಗಿಗೂ ಅಚ್ಚೇರು ರಾಗಿ ಹಾಕಿದರಂತೆ. ಅಂದಿನಿಂದ ಆ ಹೆಸರು.

ರಂಜಿತಳಿಗೆ ಕಥೆ ಹಿಡಿಸಿತು. "ಅಪರೂಪದ ಹೆಸ್ರು ಸಾರ್. ಒಟ್ಟು ಎಷ್ಟು ಜನ ಇದ್ದೀರಿ ಅಚ್ಚೇರಿನೋರು?"

ಮೇಷ್ಟ್ರು ಬೆರಳು ಮಡಚಿ ಎಣಿಸಲು ಹೊರಟು ಎರಡನೇ ಕೈಗೇ ನಿಂತರು. ಮೂರು ಗಣತಿಯಲ್ಲಿ ಸಾವಿರಾರು ಜನರನ್ನು ಎಣಿಸಿದವರಿಗೆ ತಮ್ಮವರು ಎಷ್ಟು ಎಂಬುದೇ ತಿಳಿದಿರಲಿಲ್ಲ. ರಂಜಿತ ಹೋದ ಮೇಲೂ ಅವರು ಜಗಲಿ ಬಿಟ್ಟು ಏಳಲಿಲ್ಲ. ಹೆಂಡತಿ ಯಶೋದಮ್ಮ ಕಾಫಿ ತಂದಿಟ್ಟರು, ಅದು ಆರಿತು.

ಮರುದಿನ ನೂರು ಹಾಳೆಯ ನೋಟ್‌ಬುಕ್ ತಂದು, ಅಡ್ಡ ಉದ್ದ ಗೆರೆ ಎಳೆದು, ಕಾಲಂ ಮಾಡಿ, ಟಿವಿಎಸ್ ಮೊಪೆಡ್ ಒರೆಸಿ ನಿಲ್ಲಿಸಿದರು. ಮನೆತನದ ಗಣತಿ ಮಾಡಿ, ಬರದ ಕಥೆಯನ್ನು ಮೊದಲ ಪುಟದಲ್ಲಿ ಹಾಕಿ, ಒಂದು ಪುಸ್ತಕ ಅಚ್ಚು ಹಾಕಿಸುವುದೆಂದು ತೀರ್ಮಾನವಾಗಿತ್ತು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹದಿನೇಳು ಜನ ಸಿಕ್ಕರು. ನಾಗಮಂಗಲದ ಕಡೆ ದಾಯಾದಿ ಶಿವಣ್ಣನ ಮನೆ, ಅವನ ತಮ್ಮಂದಿರ ಮನೆ ಸೇರಿ ಒಂಬತ್ತು. ಶಿವಣ್ಣನ ಬಾಯಲ್ಲಿ ಬರದ ಕಥೆ ಬೇರೆಯೇ ಎತ್ತರಕ್ಕೆ ಏರಿತ್ತು. ಅವನ ಪ್ರಕಾರ ರಾಗಿ ಪಡೆಯಲು ಮಹಾರಾಜರೇ ಮಾರುವೇಷದಲ್ಲಿ ಬಂದು ಸಾಲಿನಲ್ಲಿ ನಿಂತಿದ್ದರು.

"ಮಹಾರಾಜ್ರಿಗೆ ರಾಗಿ ಯಾಕ್ಲಾ ಬೇಕಿತ್ತು?" ಎಂದರು ಮೇಷ್ಟ್ರು.

"ಪರೀಕ್ಸೆ ಮಾಡಕ್ಕೆ ಕಣಣ್ಣೋ! ಅವ್ರಿಗೂ ಅಚ್ಚೇರೇ ಆಕುದ್ರಂತೆ, ಒಂದು ಕಾಳು ಎಚ್ಚಿಲ್ಲ."

ಮೇಷ್ಟ್ರು ಅದನ್ನು ಷರಾ ಕಾಲಂನಲ್ಲಿ ಬರೆದುಕೊಂಡರು.

ಪಾಂಡವಪುರದಲ್ಲಿ ಎಂಟು ಜನ. ಅದರಲ್ಲಿ ಮೂವರ ವಿಷಯದಲ್ಲಿ ತಕರಾರು ಎದ್ದಿತು. ಮೇಷ್ಟ್ರ ತಮ್ಮನ ಮಗ ಲೋಕೇಶ್ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಬೋರ್ಡಿನ ಮೇಲೆ 'ಲೋಕೇಶ್ ಆಚಾರ್' ಎಂದಿತ್ತು.

"ಇದೇನ್ಲಾ ಇದು? ನೀನ್ಯಾವಾಗ ಆಚಾರ್ ಆದೆ?"

"ನಾನೆಲ್ಲಿ ಆದೆ ದೊಡ್ಡಪ್ಪ, ಆಧಾರ್ ಕಾರ್ಡಲ್ಲಿ ಮಾಡ್ಬುಟ್ರು. ಅಚ್ಚೇರು ಅಂತ ಬಡ್ಕಂಡೆ. ಅಂಗೆಲ್ಲ ಎಸ್ರಿರಲ್ಲ ಅಂತ ಅವ್ನೇ ತಿದ್ದಿ ಆಚಾರ್ ಅಂತ ಒತ್ತವ್ನೆ."

ಆ ಹೆಸರಿನಿಂದ ಲೋಕೇಶನಿಗೆ ಆಗುತ್ತಿದ್ದ ಪಾಡು ಒಂದೆರಡಲ್ಲ. ವಾರಕ್ಕೊಬ್ಬರು ಒಡವೆ ಬೆಸುಗೆಗೆ ಬರುತ್ತಿದ್ದರು. ಅಕ್ಕಸಾಲಿಗನಲ್ಲ ಎಂದು ಎಷ್ಟು ಹೇಳಿದರೂ ಕೇಳದ ಒಬ್ಬಾಕೆಯ ಕಾಲುಂಗುರವನ್ನು ಅವನು ಮೊಬೈಲಿಗೆ ಹಾಕುವ ಸೀಸದಲ್ಲೇ ಬೆಸೆದು ಕಳಿಸಿದ್ದ. ಇನ್ನೊಬ್ಬರು ಗೃಹಪ್ರವೇಶಕ್ಕೆ ಮುಹೂರ್ತ ಕೇಳಿದ್ದರು. "ಕೊಟ್ಟೆ. ಭಾನ್ವಾರ ಅಂದೆ. ಎಲ್ರಿಗೂ ರಜ ಇರ್ತದಲ್ಲ" ಎಂದ.

"ಈಗ್ಲಾದ್ರೂ ತಿದ್ದುಸ್ಕೊ."

"ಆಧಾರ್ ತಿದ್ದುಸುದ್ರೆ ಪ್ಯಾನ್ ತಿದ್ದುಸ್ಬೇಕು, ಬ್ಯಾಂಕು, ಅಂಗ್ಡಿ ಲೈಸೆನ್ಸು, ಮಗಿನ್ ಸ್ಕೂಲು. ಅಚ್ಚೇರಿಗೋಸ್ಕರ ಅಷ್ಟೊಂದು ಯಾಕೆ ದೊಡ್ಡಪ್ಪ? ಬುಡು, ನನ್ನ ಲೆಕ್ಕುಕ್ಕೆ ಇಡ್ಕಬ್ಯಾಡ."

ಮೇಷ್ಟ್ರು ಅವನನ್ನೂ ಅವನ ಹೆಂಡತಿ, ಮಗಳನ್ನೂ ಪೆನ್ಸಿಲಿನಲ್ಲಿ ಬರೆದು ಮುಂದೆ ಹೋದರು.

ಕೊನೆಯದು ಶ್ರೀರಂಗಪಟ್ಟಣ. ಅಲ್ಲಿ ಗಂಜಾಂನಲ್ಲಿ ದೂರದ ಸಂಬಂಧದ ಒಬ್ಬನ ಮನೆಯಿದೆ, ನಾಲ್ಕು ಜನ ಇದ್ದಾರೆ ಎಂದು ಶಿವಣ್ಣ ಹೇಳಿದ್ದ. ವಿಳಾಸ ಗೊತ್ತಿಲ್ಲದ ಮೇಷ್ಟ್ರು ಟೀ ಅಂಗಡಿಯೊಂದರಲ್ಲಿ "ಇಲ್ಲಿ ಅಚ್ಚೇರು ಮನೆ ಯಾವ್ದು?" ಎಂದು ಕೇಳಿದರು. ಯಾರೂ ನಗಲಿಲ್ಲ. ಮೂವರು ಒಟ್ಟಿಗೇ ಕೈ ತೋರಿಸಿದರು. ಮೇಷ್ಟ್ರಿಗೆ ಬಲು ಹೆಮ್ಮೆಯಾಯಿತು. ಆ ಬಾಗಿಲಿಗೆ ಹೋದರೆ, ಅದು ಶಿವಣ್ಣ ಹೇಳಿದ ಮನೆಯಲ್ಲ; ಹೊಸಿಲ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದವರು ಮಂಗಳಮ್ಮ, ಅಂದರೆ ಅವರ ತಂದೆಯ ಚಿಕ್ಕಪ್ಪನ ಮಗಳು, ವರಸೆಯಲ್ಲಿ ಸೋದರತ್ತೆ. ಎಂಬತ್ತಾರು ವರ್ಷ. ಮದುವೆಯಾಗಿ ಈ ಊರಿಗೆ ಬಂದು ಅರವತ್ತೇಳು ವರ್ಷವಾಗಿತ್ತು.

"ಅತ್ತೆ, ನಾನು ಸಣ್ಣೇಗೌಡ್ರ ಮಗ ಚಿಕ್ಕಸ್ವಾಮಿ."

"ಗೊತ್ತಾಯ್ತದೆ ಕಣ್ಲಾ, ಅದೇ ಮೂಗು. ಬಾ, ಕೂತ್ಕೊ. ಏನು ಬುಕ್ಕಿಡ್ಕಂಡು ಬಂದಿದ್ದೀಯ, ಓಟಿಗೆ ನಿಂತಿದ್ದೀಯಾ?"

ಮೇಷ್ಟ್ರು ಗಣತಿಯ ವಿಷಯ ವಿವರಿಸಿದರು. ಮಂಗಳಮ್ಮ ಅವರೆಕಾಯಿಯಿಂದ ಕಣ್ಣು ತೆಗೆಯದೆ ಎಲ್ಲ ಕೇಳಿದರು.

"ನನ್ನ ಎಷ್ಟ್ನೇವ್ಳು ಅಂತ ಬರ್ಕಂಡಿದ್ದೀಯ?"

ಮೇಷ್ಟ್ರು ತಡವರಿಸಿದರು. "ಅದು ಅತ್ತೆ, ಮದ್ವೆಯಾಗಿ ಹೋದ ಹೆಣ್ಮಕ್ಳು ಗಂಡನ ಮನೆ ಲೆಕ್ಕಕ್ಕೆ ಬರ್ತಾರೆ."

"ಯಾವನ್ಲಾ ಏಳಿದ್ದು? ಈ ಬೀದೀಲಿ ನನ್ನ ಗಂಡನ ಮನೆತನ ಯಾವ್ದು ಅಂತ ಒಬ್ರುನ್ನ ಕೇಳು, ಗೊತ್ತಿದ್ರೆ ಅವರೆಕಾಯಿ ಪೂರ್ತಿ ನಿಂಗೇ ಕೊಟ್ಟೇನು. ಬಂದ ದಿನ್ದಿಂದ ನಾನು ಅಚ್ಚೇರಮ್ಮ. ಪೋಸ್ಟ್‌ಮ್ಯಾನೂ ಅಂಗೇ ಕರೆಯೋದು. ನಿಂಗೆ ಮನೆ ಎಂಗ್ ಸಿಕ್ತು, ಅದುನ್ನ ಏಳು ಮದ್ಲು."

ಮೇಷ್ಟ್ರು ಮಾತು ಬದಲಿಸಲೆಂದು ಬರದ ಕಥೆ ತೆಗೆದರು. ಅದನ್ನು ಕೇಳುತ್ತ ಕೇಳುತ್ತ ಮಂಗಳಮ್ಮನ ಭುಜ ಕುಲುಕತೊಡಗಿತು. ಕಡೆಗೆ ಅವರೆಕಾಯಿ ಮೊರ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಯಾರಿಗ್ಲಾ ರಾಗಿ ಆಕಿದ್ದು? ಆಕಿದ್ದಲ್ಲ, ಉಂಡಿದ್ದು ಕಣ್ಲಾ, ಉಂಡಿದ್ದು!"

ಆಮೇಲೆ ಅವರು ಹೇಳಿದ್ದು ಇಷ್ಟು. ಮಂಗಳಮ್ಮನ ತಂದೆಯ ತಾಯಿಗೆ ಅತ್ತೆಯಾಗಿದ್ದವಳು ನಾಗಮಂಗಲದ ಕಡೆಯ ಹುಡುಗಿ. ಅವಳ ಗಂಡ ಹೊಸ ಅಳಿಯನಾಗಿ ಮೊದಲ ಹಬ್ಬಕ್ಕೆ ಮಾವನ ಮನೆಗೆ ಹೋದ. ಆಗ ಆ ಕಡೆ ಅನ್ನವೆಂದರೆ ಹಬ್ಬಕ್ಕೆ ಮಾತ್ರ, ಉಳಿದ ದಿನವೆಲ್ಲ ಮುದ್ದೆ. ಅತ್ತೆ ಒಳಗಿನಿಂದ, ಅಳಿಯಂದಿರಿಗೆ ಎಷ್ಟು ಅಕ್ಕಿ ಹಾಕಲಿ ಎಂದು ಕೇಳಿಸಿದಳು. ಹುಡುಗನಿಗೆ ಅಡುಗೆಮನೆಯ ಅಳತೆ ಏನೂ ತಿಳಿಯದು. ಸೇರು ಎಂದರೆ ಜಾಸ್ತಿಯಾದೀತು, ಕಡಿಮೆ ಹೇಳುವುದೇ ಮರ್ಯಾದೆ ಎಂದು, ನಾಚಿಕೊಂಡು "ಅಚ್ಚೇರು ಸಾಕು" ಎಂದ. ಮೂರು ಜನ ಉಣ್ಣುವಷ್ಟು ಅನ್ನ ಎಲೆಯ ಮೇಲೆ ಬಂದು ಕೂತಿತು. ಬಿಟ್ಟರೆ ಅಪಮಾನ ಎಂದು ಅವನು ಬೆವರುತ್ತ ಅಷ್ಟನ್ನೂ ಉಂಡ. ಪಾಪ, ಅಳಿಯನಿಗೆ ಹಸಿವು ಜಾಸ್ತಿ ಎಂದು ಅತ್ತೆ ಸಂಜೆಗೂ ಅಚ್ಚೇರೇ ಹಾಕಿದಳು. ಅಷ್ಟರಲ್ಲಿ ಮಳೆ ಹಿಡಿಯಿತು, ಹಳ್ಳ ತುಂಬಿತು, ಐದು ದಿನ ಊರಿಗೆ ಮರಳುವಂತಿಲ್ಲ. ಐದು ದಿನವೂ ಹೊತ್ತಿಗೆ ಅಚ್ಚೇರು. ಮೂರನೇ ದಿನ ಮನೆಯ ಅಕ್ಕಿ ಮುಗಿದು, ನೆರೆಮನೆಗಳಿಂದ ತಂದರು. ಅಕ್ಕಿ ಕೊಟ್ಟವರು ಸುಮ್ಮನಿರುತ್ತಾರೆಯೇ? ಉಣ್ಣುವುದನ್ನು ನೋಡಲು ಕಿಟಕಿಗೆ ಬಂದು ನಿಂತರು.

"ಅವ್ಳು ಗಂಡನ ಮನೆಗೆ ಒಂಟಾಗ, 'ಅಚ್ಚೇರು ಮನೆಗೆ ಒಂಟ್ಯೇನೇ' ಅಂತ ಊರೆಂಗುಸ್ರೆಲ್ಲಾ ಕೇಳುದ್ರಂತೆ. ಎಸ್ರು ಅವ್ಳ ಇಂದೇ ಗಾಡೀಲಿ ಬಂತು" ಎಂದರು ಮಂಗಳಮ್ಮ. "ಮನೆಗೆ ಬಂದ್ಮೇಲೆ ಆವಪ್ಪ ಆರು ತಿಂಗ್ಳು ಅನ್ನ ಮುಟ್ಲಿಲ್ವಂತೆ."

ಶಿವಣ್ಣ ಹೇಳಿದ್ದ ನಾಲ್ವರನ್ನು ಹಿಂದಿನ ಬೀದಿಯಲ್ಲಿ ಕಂಡು ಬರೆದುಕೊಂಡು ಮೇಷ್ಟ್ರು ಸಿಂಧಘಟ್ಟಕ್ಕೆ ಮರಳುವಾಗ ಮೊಪೆಡ್ಡು ಎಂದಿನದಕ್ಕಿಂತ ನಿಧಾನವಾಗಿ ಓಡಿತು. ದಾನಶೂರರಾಗಿದ್ದ ಹಿರಿಯರು ಒಂದೇ ಮಧ್ಯಾಹ್ನದಲ್ಲಿ ಊಟದ ಎಲೆಯ ಮುಂದೆ ಕೂತುಬಿಟ್ಟಿದ್ದರು. ಈ ಕಥೆಯನ್ನು ಯಾರಿಗೂ ಹೇಳದೆ ಬಿಟ್ಟರೆ ಹೇಗೆ ಎಂದೂ ಯೋಚಿಸಿದರು. ಆದರೆ ಮೂರು ಗಣತಿ ಮಾಡಿದ ಕೈ. ಹೇಳಿದ್ದನ್ನು ಬರೆಯದಿದ್ದರೆ ನಿದ್ದೆ ಬರುವಂತಿರಲಿಲ್ಲ. ಬರೆದರು. ಮಂಗಳಮ್ಮನನ್ನು ಮೂವತ್ತೊಂಬತ್ತನೆಯವಳಾಗಿ ಸೇರಿಸಿದರು. ಒಬ್ಬರನ್ನು ಸೇರಿಸಿದ ಮೇಲೆ ಉಳಿದವರನ್ನು ಬಿಡುವುದು ಯಾವ ನ್ಯಾಯ? ಮತ್ತೆ ಮೂರು ವಾರ ತಿರುಗಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೆಲ್ಲ ಹುಡುಕಿದರು. ಇನ್ನೂ ಇಪ್ಪತ್ತಾರು ಜನ ಸಿಕ್ಕರು. ಒಟ್ಟು ಅರವತ್ತೈದು: ಗಂಡಸರು ಹತ್ತೊಂಬತ್ತು, ಹೆಂಗಸರು ನಲವತ್ತಾರು. ಮೇಷ್ಟ್ರು ಅಭ್ಯಾಸಬಲದಿಂದ ಲಿಂಗಾನುಪಾತ ತೆಗೆದರು. ಸಾವಿರ ಗಂಡಸರಿಗೆ ಎರಡು ಸಾವಿರದ ನಾನೂರ ಇಪ್ಪತ್ತೊಂದು ಹೆಂಗಸರು. ತಪ್ಪಿರಬಹುದೆಂದು ಎರಡು ಸಲ ಭಾಗಿಸಿ ನೋಡಿದರು.

ಯಶೋದಮ್ಮ ಪಕ್ಕದಲ್ಲೇ ಸೊಪ್ಪು ಸೋಸುತ್ತಿದ್ದರು. "ಅಲ್ಲಾ, ಮದ್ವೆಯಾಗಿ ಓದ ಎಣ್ಮಕ್ಳು ಎಲ್ಲಾ ತವರಿನ ಲೆಕ್ಕ ಅಂದ್ರೆ, ನಾನ್ಯಾರು?"

"ನೀನು ಅಚ್ಚೇರೇ. ಬರೆದಿದ್ದೀನಲ್ಲ, ಎರಡನೇ ನಂಬರು."

"ನಿಮ್ಮ ರೂಲ್ಸ್ ಪ್ರಕಾರ ನಾನು ಸುಣ್ಣದಗೂಡಿನೋಳು. ನಮ್ಮಪ್ಪನ ಮನೆತನ. ನನ್ನೆಸ್ರು ಒಡೆದಾಕಿ."

ಮೇಷ್ಟ್ರು ಗಾಬರಿಯಾದರು. "ಅಂಗೆ ಸೊಸೆಯಂದಿರ್ನೆಲ್ಲಾ ಒಡೆದಾಕಿದ್ರೆ ಐವತ್ನಾಲ್ಕಕ್ಕೆ ಇಳೀತದೆ ಕಣೆ!"

"ಇಳೀಲಿ."

ಮೇಷ್ಟ್ರು ಪೆನ್ನೆತ್ತಿ ಎರಡನೇ ನಂಬರಿನ ಮೇಲೆ ಇಟ್ಟರು. ಯಶೋದಮ್ಮ ಸೊಪ್ಪು ಬಿಟ್ಟು ಎದ್ದು ನಿಂತರು. "ಮೂವತ್ತೆಂಟು ವರ್ಸ ಈ ಮನೆ ಒಲೆ ಉರ್ಸಿವ್ನಿ. ಒಡೆದಾಕಿ ನೋಡಾನ!"

ಪೆನ್ನು ಕೆಳಗಿಳಿಯಿತು. ಆ ಪ್ರಶ್ನೆ ಹಾಗೇ ಬಾಕಿ ಉಳಿಯಿತು.

ಒಂದು ಭಾನುವಾರ ಕರಿಘಟ್ಟದ ತಪ್ಪಲಲ್ಲಿ, ಲೋಕಪಾವನಿ ಹೊಳೆಯ ದಡದ ಮರದಡಿ ಮೇಷ್ಟ್ರು ಎಲ್ಲರನ್ನೂ ಸೇರಿಸಿದರು. ಅರವತ್ತೈದರಲ್ಲಿ ಐವತ್ತೆರಡು ಜನ ಬಂದರು. ಲೋಕೇಶನೂ ಬಂದಿದ್ದ. ಆ ಕಾಲುಂಗುರ ವಾರದೊಳಗೆ ಬಿಟ್ಟುಕೊಂಡು, ಅದರ ಒಡತಿ ಅಂಗಡಿ ಮುಂದೆ ಕೂತು ಆಚಾರ್ ಕುಲಕ್ಕೇ ಶಾಪ ಹಾಕಿದ್ದಳಂತೆ. "ನನ್ನ ಪೆನ್ನಲ್ಲಿ ಬರ್ಕೊ ದೊಡ್ಡಪ್ಪ. ಕಾರ್ಡು ನಿದಾನುಕ್ಕೆ ತಿದ್ದುಸ್ತೀನಿ" ಎಂದ.

ಮೇಷ್ಟ್ರು ಎದ್ದುನಿಂತು ಅಂಕಿಅಂಶ ಓದಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಹೆಸರಿನ ಮೂಲದ ಬಗ್ಗೆ ಒಂದು ಹೊಸ ಮಾಹಿತಿ ಬಂದಿದೆ, ಯಾರೂ ಬೇಸರ ಮಾಡಿಕೊಳ್ಳಬಾರದು ಎಂದು ಪೀಠಿಕೆ ಹಾಕಿ, ಮಂಗಳಮ್ಮನ ಕಥೆ ಓದಲು ತೊಡಗಿದರು. "ಅಚ್ಚೇರು ಸಾಕು" ಎಂಬಲ್ಲಿಗೆ ಬರುವಷ್ಟರಲ್ಲಿ ಹೆಂಗಸರ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು. ಕಿಟಕಿಗೆ ಜನ ಬರುವ ಹೊತ್ತಿಗೆ ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು. ಆಗ ತಿಳಿದದ್ದು: ಆ ಕಥೆ ಹೆಣ್ಣುಮಕ್ಕಳಿಗೆಲ್ಲ ಮೊದಲೇ ಗೊತ್ತಿತ್ತು. ತಾಯಿ ಮಗಳಿಗೆ, ಅತ್ತೆ ಸೊಸೆಗೆ ಅದು ಹರಿದು ಬಂದಿತ್ತು. ಯಶೋದಮ್ಮನಿಗೂ ಗೊತ್ತಿತ್ತು.

"ನಂಗ್ಯಾಕೆ ಏಳ್ಲಿಲ್ಲ?" ಎಂದರು ಮೇಷ್ಟ್ರು, ನೋಟ್‌ಬುಕ್ ಕೈಯಲ್ಲೇ ಹಿಡಿದು.

"ನೀವು ರಾಗಿ ಅಂಚ್ತಾ ಇದ್ರಲ್ಲ, ಯಾಕೆ ತಡೀಲಿ ಅಂತ ಸುಮ್ನಿದ್ದೆ" ಎಂದರು ಯಶೋದಮ್ಮ.

ಶಿವಣ್ಣ ಮಾತ್ರ ಮುಖ ಊದಿಸಿಕೊಂಡ. ಮಹಾರಾಜರನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. ಕೈಯೆತ್ತಿಸಿ ನಿರ್ಧರಿಸೋಣ ಎಂದ. ಹೆಂಗಸರ ಸಂಖ್ಯೆ ನೋಡಿ ಅವನೇ ಆ ಮಾತು ಹಿಂತೆಗೆದುಕೊಂಡ. ಹದಿನಾರು ಪುಟದ ಪುಸ್ತಕ ಮಂಗಳಮ್ಮನ ಕಥೆಯೊಂದಿಗೇ ಅಚ್ಚಾಯಿತು. ಮಂಗಳಮ್ಮ ಅದನ್ನು ಓದಿಸಿ ಕೇಳಿ, "ಬೆವರಿದ್ದು ಬರ್ದಿದ್ದೀಯ, ಸರಿ" ಎಂದರಂತೆ.

ಬಾಕಿ ಉಳಿದಿದ್ದ ಪ್ರಶ್ನೆಗೆ ಯಶೋದಮ್ಮನೇ ಪರಿಹಾರ ಹೇಳಿದರು: ಎರಡೂ ಕಡೆ ಬರೆಯುವುದು. ಒಬ್ಬರನ್ನು ಎರಡು ಸಲ ಎಣಿಸುವುದು ಗಣತಿಯಲ್ಲಿ ಮಹಾಪರಾಧ. ಮೇಷ್ಟ್ರು ಎರಡು ದಿನ ಒದ್ದಾಡಿ ಒಪ್ಪಿದರು. ಆದರೆ ಎರಡನೆಯ ಕಡೆ ಬರೆಯಲು ಅಲ್ಲೊಂದು ಪಟ್ಟಿ ಇರಬೇಕಲ್ಲ. ಅದಕ್ಕೇ ಈಗ ಸುಣ್ಣದಗೂಡಿನವರ ಗಣತಿ ನಡೆಯುತ್ತಿದೆ. ಮೇಷ್ಟ್ರು ಮೊಪೆಡ್ ಓಡಿಸುತ್ತಾರೆ. ಹಿಂದೆ ಕೂತ ಯಶೋದಮ್ಮನ ತೊಡೆಯ ಮೇಲೆ ನೋಟ್‌ಬುಕ್ಕು. ಯಾವ ಮನೆಗೆ ಹೋದರೂ, ಗಂಡಸರು ಬಾಯಿ ತೆರೆಯುವ ಮುಂಚೆಯೇ ಯಶೋದಮ್ಮ ಪೆನ್ನಿನ ಮುಚ್ಚಳ ತೆಗೆದು, "ಎಣ್ಮಕ್ಳ ಎಸ್ರು ಮದ್ಲು ಏಳಿ" ಎನ್ನುತ್ತಾರೆ.